ಚೀಟಿಯಲ್ಲಿ ಯಾರ ಹೆಸರಿತ್ತು, ಅಪ್ಪಾಜಿ?

ಅಪ್ಪಾಜಿ,

ಕಾಗದ ಬರೆಯುವಾಗ ಮೊದಲು ಕ್ಷೇಮ ಬರೆಯಬೇಕು, ಆಮೇಲೆ ವಿಷಯ ಎಂದು ನೀವೇ ಕಲಿಸಿದ್ದು. ಏನೆಂದು ಬರೆಯಲಿ? ನಾನು, ಪುಷ್ಪ, ನಿಮ್ಮ ಮೊಮ್ಮಗಳು ಮೂವರೂ ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ, ಏಳುತ್ತಿದ್ದೇವೆ. ಶಶಿಯ ವಿಷಯ ಗೊತ್ತಿಲ್ಲ. ಇದನ್ನು ಕ್ಷೇಮ ಎನ್ನಬಹುದಾದರೆ ಕ್ಷೇಮ.

ನಿನ್ನೆ ಮಧ್ಯಾಹ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತಲ್ಲೇ ಕಣ್ಣು ಹತ್ತಿತು. ಕೆಟ್ಟ ಕನಸು. ಭದ್ರಾವತಿ ಕಾಗದನಗರದ ನಿಮ್ಮ ಪೇಪರ್ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದೇನೆ. ಸೈರನ್ ಆಯಿತು, ಶಿಫ್ಟು ಬಿಟ್ಟಿತು, ಜನ ಸೈಕಲ್ ತಳ್ಳಿಕೊಂಡು ಹೊರಗೆ ಬಂದರು. ಬಂದವರೆಲ್ಲರ ಮುಖವೂ ಶಶಿಯದೇ. ನೂರು ಶಶಿ, ಇನ್ನೂರು ಶಶಿ. ಗೇಟಿನವನು ಹೇಳಿದ, "ಒಬ್ಬನ್ನೇ ಬಿಡೋದು. ನಿನ್ನ ತಮ್ಮ ಯಾರು, ಬೇಗ ಹೇಳು." ನಾನು ಒಬ್ಬನ ಕೈ ಹಿಡಿದೆ. ಆ ಕೈ ಒದ್ದೆ ಕಾಗದದ ಹಾಗೆ ಹರಿದು ನನ್ನ ಕೈಯಲ್ಲೇ ಉಳಿಯಿತು. ಬೆಚ್ಚಿ ಕಣ್ಣು ಬಿಟ್ಟರೆ ಎದುರಿಗೆ ಒಬ್ಬ ಹೆಂಗಸು ರೇಷನ್ ಕಾರ್ಡು ಹಿಡಿದು ನಿಂತಿದ್ದರು. ಎರಡು ಕಾಪಿ ಕೇಳಿದರು. ಕನಸಿನ ಗುಂಗಿನಲ್ಲಿ ನಾನು ಇಪ್ಪತ್ತು ತೆಗೆದುಬಿಟ್ಟೆ.

ನಿಮಗೆ ನನ್ನ ಸ್ವಭಾವ ಗೊತ್ತು. ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಮತ್ತೆ ವಾಪಸು ಬಂದು ಬೀಗ ಎಳೆದು ನೋಡುವವನು. ಈ ಸಲದ ಗಾಬರಿಗೆ ಕಾರಣವಿದೆ ಅಪ್ಪಾಜಿ. ಇದನ್ನು ಯಾರಿಗೂ ಹೇಳಬಾರದು ಎಂದಿದ್ದಾರೆ. ಹೊರಗಿನವರಿಗೆ, ನೆಂಟರಿಗೆ, ಪೇಪರಿನವರಿಗೆ, ಪೊಲೀಸರಿಗೆ ಕೂಡ ಹೇಳಬಾರದು. ಸತ್ತವರಿಗೆ ಹೇಳಬಾರದು ಎಂದು ಮಾತ್ರ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ, ನನಗೆ ಬೇಕಾದ ಒಂದು ಸಂಗತಿ ನಿಮಗಲ್ಲದೆ ಬೇರೆ ಯಾರಿಗೂ...

ಇರಲಿ, ಮೊದಲಿನಿಂದ ಹೇಳುತ್ತೇನೆ.

ಶಶಿ ಮೊದಲ ಸಲ ಕ್ಯಾಮೆರಾ ಹೊತ್ತುಕೊಂಡು ಮನೆಗೆ ಬಂದ ದಿನ ನೆನಪಿದೆಯಾ? ನಿಮ್ಮನ್ನು ಬಾಗಿಲ ಹತ್ತಿರ ಕೂರಿಸಿ "ಅಪ್ಪಾಜಿ, ಸ್ವಲ್ಪ ನಗಿ" ಎಂದ. ನೀವು "ನಗು ಬಂದಾಗ ತೆಗಿ ಮಾರಾಯ, ಈಗ ಬಂದಿಲ್ಲ" ಎಂದಿರಿ. ಅವನು ಸಂಜೆವರೆಗೂ ಕಾದ. ಅಷ್ಟು ತಾಳ್ಮೆ ಅವನಿಗೆ. ನೀವು ಹೋದ ಮೇಲೆ ಅವನು ಹೊರದೇಶದ ಒಂದು ಸುದ್ದಿ ಸಂಸ್ಥೆ ಸೇರಿದ. ಗಲಾಟೆ ನಡೆಯುವ ಕಡೆಗೆಲ್ಲ ಕಳಿಸುತ್ತಿದ್ದರು. ಹೋದ ವರ್ಷ ದೀಪಾವಳಿ ಕಳೆದ ವಾರ ಒಂದು ದೇಶದಲ್ಲಿ ಅವನನ್ನೂ ಅವನ ಜೊತೆಗಿದ್ದ ಕೇರಳದ ವರದಿಗಾರರೊಬ್ಬರನ್ನೂ ಹಿಡಿದರು. ದೇಶದ ಹೆಸರು ಬರೆಯಲು ನಿಮ್ಮ ಮುಂದೆಯೂ ಕೈ ಬರುತ್ತಿಲ್ಲ. ಕ್ಯಾಮೆರಾದಲ್ಲಿ ತೆಗೆಯಬಾರದ್ದನ್ನು ತೆಗೆದ, ಇವನು ಗೂಢಚಾರ ಎಂದರು. ಗೂಢಚಾರನಂತೆ! ಹಬ್ಬಕ್ಕೆ ತಂದ ಸೀರೆ ಎಲ್ಲಿ ಬಚ್ಚಿಟ್ಟಿದ್ದೇನೆ ಎಂದು ಪುಷ್ಪಳಿಗೆ ತಾನೇ ಹೇಳಿಬಿಡುತ್ತಿದ್ದವನು.

ಅವನನ್ನು ಹಿಡಿದ ಹೊಸತರಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಶಿವಮೊಗ್ಗದಲ್ಲಿ ಪತ್ರಕರ್ತರು ಧರಣಿ ಕೂತರು, ನನ್ನ ಕೈಗೂ ಮೈಕು ಕೊಟ್ಟರು. ಏಳನೇ ಕ್ಲಾಸು ಮುಗಿಸಿ ಎಂಟು, ಒಂಬತ್ತನ್ನು ಅರ್ಧಂಬರ್ಧ ಓದಿದ ನಾನು ಏನು ಮಾತಾಡಲಿ? "ನನ್ನ ತಮ್ಮನ್ನ ಬಿಡಿ" ಎಂದೆ. ಅಷ್ಟನ್ನೇ ನಾಲ್ಕು ಸಲ ಅಂದೆ. ಜನ ಚಪ್ಪಾಳೆ ಹೊಡೆದರು. ಒಳಗೆ ಏನೋ ಸ್ವಲ್ಪ ಹಗುರಾಯಿತು.

ಆಮೇಲೆ ಒಂದು ಭಾನುವಾರ ಸರ್ಕಾರದ ಕಡೆಯ ಇಬ್ಬರು ನಮ್ಮ ಮನೆಗೆ ಬಂದರು. ನಾವು ಈಗಲೂ ಕಾಗದನಗರ ಬಿಟ್ಟಿಲ್ಲ, ಅದೇ ಸಾಲಿನ ಕೊನೆ ಮನೆ. ಪಕ್ಕದವರು ಇಣುಕಿದಾಗ, ನಾವು ವಿಮೆಯವರು ಎಂದರು. ಒಬ್ಬರು ದೆಹಲಿಯವರು, ಕನ್ನಡ ಬಾರದು, ನಿಪ್ಪಟ್ಟು ಮಾತ್ರ ಚೆನ್ನಾಗಿ ತಿಂದರು. ಇನ್ನೊಬ್ಬರು ಮೇಡಂ, ಮೈಸೂರಿನ ಕಡೆಯವರು. ಅವರೇ ಮಾತಾಡಿದರು. "ಹಾಲೇಶ್ ಅವ್ರೇ, ನಮ್ಮವರು ಇಬ್ಬರು ಆ ಕಡೆ ಇದ್ದಾರೆ. ಅವರ ಪತ್ರಕರ್ತರು ಇಬ್ಬರು ಈ ಕಡೆ ಇದ್ದಾರೆ. ಮೂರನೇ ದೇಶದವರು ಮಧ್ಯೆ ಕೂತು ಮಾತಾಡಿಸ್ತಿದ್ದಾರೆ. ಇದು ಹೊರಗೆ ಗೊತ್ತಾಯ್ತು ಅಂದ್ರೆ ಎರಡು ಕಡೆಯವ್ರೂ ಅಂಥದ್ದೇನೂ ನಡೀತಿಲ್ಲ ಅಂತಾರೆ. ಹಂಗೆ ಅಂದ್ಮೇಲೆ ನಿಜವಾಗ್ಲೂ ನಡೆಯಲ್ಲ."

"ಇವ್ರ ಹೊಟ್ಟೇಲಿ ಮಾತು ನಿಲ್ಲಲ್ಲ ಮೇಡಂ," ಎಂದಳು ಪುಷ್ಪ. "ಬಸ್ಸಲ್ಲಿ ಪಕ್ಕ ಕೂತೋರಿಗೆ ತಮಗೆ ಬಿ.ಪಿ. ಎಷ್ಟಿದೆ ಅಂತ ಹೇಳ್ಕೊಂತಾರೆ."

"ಈಗ ನಿಲ್ಲಿಸ್ಕೋಬೇಕು," ಎಂದರು ಮೇಡಂ. ನಗಲಿಲ್ಲ.

ನಿಲ್ಲಿಸಿಕೊಂಡೆ ಅಪ್ಪಾಜಿ. ಅದು ಎಷ್ಟು ಕಷ್ಟ ಎಂದು ಹೇಗೆ ಹೇಳಲಿ? ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕ ಬೈಕಿನ ಸೀಟು ಹೊಲಿಯುವ ರಫೀಕ್ ಇದ್ದಾರಲ್ಲ, ಧರಣಿಗೆ ನನ್ನ ಜೊತೆ ಮೂರು ದಿನ ಅಂಗಡಿ ಮುಚ್ಚಿ ಬಂದವರು, ಅವರು ಒಂದು ದಿನ ಕೇಳಿದರು. "ಅರೆ ಹಾಲೇಶಣ್ಣ, ಮೊದ್ಲು ಮೈಕ್ ಹಿಡ್ದು ಕೂಗ್ತಿದ್ರಿ. ಈಗ ಬಾಯಿಗೆ ಹೊಲಿಗೆ ಹಾಕಿಸ್ಕೊಂಡ್ರಾ? ನಂಗೆ ಹೇಳಿದ್ರೆ ನಾನೇ ಹಾಕ್ತಿದ್ನಲ್ಲ, ಸೀಟಿನ ದಾರದಲ್ಲಿ, ಹತ್ತು ವರ್ಷ ಗ್ಯಾರಂಟಿ." ನಾನು ನಕ್ಕಂತೆ ಮಾಡಿದೆ. ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ಏನೋ ಇದೆ. ಹೇಳಕ್ಕಾಗಲ್ಲ, ಅಲ್ವಾ? ಠೀಕ್ ಹೈ. ಹೇಳ್ಬೇಡಿ. ದುವಾ ಮಾಡ್ತೀನಿ, ಅದಕ್ಕೆ ವಿಷಯ ಗೊತ್ತಿರ್ಬೇಕು ಅಂತಿಲ್ಲ." ಅವರು ಹಾಗೆ. ಉಳಿದವರು ಹಾಗಲ್ಲ. ಮತ್ತೆ ಧರಣಿಗೆ ಕರೆಯಲು ಬಂದವರಿಗೆ ಬೇಡ ಎಂದಾಗ ಒಬ್ಬ ಹಿಂದೆ ತಿರುಗಿ, ನನಗೆ ಕೇಳಿಸಲಿ ಎಂದೇ ಹೇಳಿದ. "ಓದಿರೋ ತಮ್ಮನ ಮೇಲೆ ಮೊದ್ಲಿಂದ ಹೊಟ್ಟೆಕಿಚ್ಚು ಕಣ್ರೋ. ಒಳಗೇ ಇರ್ಲಿ ಅಂತಿರಬೇಕು."

ಹೊಟ್ಟೆಕಿಚ್ಚು ಇರಲಿಲ್ಲ ಎಂದು ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಇತ್ತು. ಸ್ವಲ್ಪ ಇತ್ತು. ಆದರೆ ಅದನ್ನು ಆರಿಸಲು ನನಗೊಂದು ಸಮಾಧಾನವೂ ಇತ್ತು. ಆ ಚೀಟಿ.

ಅಮ್ಮ ಹೋದ ಮರುವರ್ಷದ ಬೇಸಿಗೆ. ಅಜ್ಜಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ನಿಮಗೆ ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಶಿವಮೊಗ್ಗದಲ್ಲಿದ್ದ ಅತ್ತೆ "ಇಬ್ಬರಲ್ಲಿ ಒಬ್ಬನ್ನ ನಾನು ಇಟ್ಕೊಂಡು ಓದಿಸ್ತೀನಿ" ಎಂದಿದ್ದರು. ಇನ್ನೊಬ್ಬ ಅಜ್ಜಿಯ ಹತ್ತಿರ ಇರಬೇಕು. ನಾನು ಏಳು ಮುಗಿಸಿದ್ದೆ, ಶಶಿ ಐದು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿಸಿ ದೇವರ ಫೋಟೋ ಮುಂದೆ ನಮ್ಮಿಬ್ಬರನ್ನೂ ಕೂರಿಸಿದಿರಿ. ಕಾರ್ಖಾನೆಯಿಂದ ತಂದ ತುಂಡು ಕಾಗದದಲ್ಲಿ ಎರಡು ಹೆಸರು ಬರೆದು, ಮಡಿಸಿ, ಕುಂಕುಮದ ತಟ್ಟೆಯಲ್ಲಿ ಹಾಕಿ ಕುಲುಕಿದಿರಿ. ಹೆಸರು ಬಂದವನು ಅತ್ತೆ ಮನೆಗೆ, ಚಿಕ್ಕವನು ಎತ್ತಲಿ ಎಂದಿರಿ. ಶಶಿ ಎತ್ತಿದ. ನೀವು ಬಿಡಿಸಿ, ಕಿಟಕಿಯ ಕಡೆ ತಿರುಗಿ ನೋಡಿ, "ಶಶಿಧರ" ಎಂದಿರಿ. ಆಮೇಲೆ ಎರಡೂ ಚೀಟಿಯನ್ನು ಹಂಡೆ ಒಲೆಗೆ ಹಾಕಿದಿರಿ. ನಾನು ಅಳಲಿಲ್ಲ, ಜ್ಞಾಪಕವಿದೆಯಾ? ದೇವರು ಹೇಳಿದ್ದು ಎಂದುಕೊಂಡೆ. ನಲವತ್ತು ದಾಟುವವರೆಗೂ ಹಾಗೇ ಅಂದುಕೊಂಡಿದ್ದೆ. ಯಾರಾದರೂ ಯಾಕೆ ಓದಲಿಲ್ಲ ಎಂದು ಕೇಳಿದರೆ ತಲೆಗೆ ಹತ್ತಲಿಲ್ಲ ಎನ್ನುತ್ತಿದ್ದೆ. ಚೀಟಿಯ ವಿಷಯ ಪುಷ್ಪಳಿಗೂ ಹೇಳಿರಲಿಲ್ಲ. ದೇವರ ತೀರ್ಮಾನವನ್ನು ಬೀದಿಯಲ್ಲಿ ಚರ್ಚೆ ಮಾಡುತ್ತಾರಾ?

ಕಳೆದ ತಿಂಗಳು ಮೇಡಂ ಫೋನ್ ಮಾಡಿದರು. ಮಾತುಕತೆ ಮುಂದೆ ಹೋಗಬೇಕಾದರೆ ನಮ್ಮವರಿಬ್ಬರೂ ಜೀವಂತ ಇದ್ದಾರೆ ಎಂದು ಆ ಕಡೆಯವರು ತೋರಿಸಬೇಕಂತೆ. "ಫೋಟೋ, ವಿಡಿಯೋ, ಧ್ವನಿ ಎಲ್ಲ ಈಗ ಕಂಪ್ಯೂಟರಲ್ಲೇ ಮಾಡ್ಬಿಡ್ತಾರೆ, ನಂಬೋಕಾಗಲ್ಲ. ನೀವೊಂದು ಪ್ರಶ್ನೆ ಬರ್ಕೊಡಿ. ಉತ್ತರ ನಿಮ್ಮಿಬ್ರಿಗೆ ಬಿಟ್ಟು ಯಾರಿಗೂ ಗೊತ್ತಿರ್ಬಾರ್ದು. ಉತ್ತರನ ಬೇರೆ ಕವರಲ್ಲಿ ಹಾಕಿ ಅಂಟಿಸಿ ಕೊಡಿ." ನಾನು ನಾಲ್ಕು ದಿನ ಯೋಚಿಸಿದೆ. ಅಮ್ಮನ ಹೆಸರು ಅವನ ಪಾಸ್‌ಪೋರ್ಟಿನಲ್ಲಿದೆ. ಶಾಲೆಯ ಹೆಸರು ಅವನೇ ಯಾವುದೋ ಸಂದರ್ಶನದಲ್ಲಿ ಹೇಳಿದ್ದಾನೆ. ಕೊನೆಗೆ ಬರೆದೆ: ಅತ್ತೆ ಮನೆಗೆ ಯಾರನ್ನು ಕಳಿಸುವುದು ಎಂದು ಅಪ್ಪ ಚೀಟಿ ಎತ್ತಿಸಿದ ದಿನ ಯಾರ ಹೆಸರು ಬಂತು? ಕವರಿನೊಳಗೆ ಉತ್ತರ ಬರೆದೆ: ಶಶಿಧರ. ಅಂಟು ಸರಿಯಾಗಿ ಹಿಡಿಯಿತೋ ಇಲ್ಲವೋ ಎಂದು ಮೂರು ಸಲ ಒತ್ತಿದೆ.

ಹನ್ನೆರಡು ದಿನಕ್ಕೆ ಶಿವಮೊಗ್ಗದ ಒಂದು ಗೆಸ್ಟ್ ಹೌಸಿಗೆ ಕರೆದರು. ಮೇಡಂ ಕೋಣೆಯ ಬಾಗಿಲಲ್ಲೇ ನಿಂತಿದ್ದರು. "ಉತ್ತರ ಬಂದಿದೆ," ಎಂದರು. "ನಿಮ್ಮ ಕವರಿನ ಉತ್ತರಕ್ಕೆ ಹೊಂದ್ತಿಲ್ಲ." ದೆಹಲಿಯವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೇಡಂ ನನ್ನ ಕಡೆ ತಿರುಗಿ, "ಎರಡೇ ಉತ್ತರ ಇರೋ ಪ್ರಶ್ನೆ ಕೊಟ್ಟಿದೀರಿ. ಯಾರು ಬೇಕಾದ್ರೂ ಒಂದು ಊಹೆ ಮಾಡ್ಬಹುದು. ಊಹೆ ಮಾಡಿ ತಪ್ಪಿರಬಹುದು ಅಂತಿದ್ದಾರೆ ಇವ್ರು. ಆದ್ರೆ ಬರೀ ಹೆಸರಷ್ಟೇ ಬಂದಿಲ್ಲ. ಓದ್ತೀನಿ ಕೇಳಿ," ಎಂದರು.

ಅವರು ಓದಿದ್ದು ನನಗೆ ಬಾಯಿಪಾಠವಾಗಿದೆ ಅಪ್ಪಾಜಿ. ಹೀಗಿತ್ತು: "ಚೀಟಿಯಲ್ಲಿ ಇದ್ದದ್ದು ಅಣ್ಣನ ಹೆಸರು. ಅಪ್ಪಾಜಿ ಓದಿದ್ದು ನನ್ನ ಹೆಸರು. ಅವರು ಚೀಟಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದರು. ನಾನು ಕೆಳಗೆ ಕೂತಿದ್ದೆ, ಹಿಂದಿನಿಂದ ಅಕ್ಷರ ಕಂಡಿತು. ಅಣ್ಣ, ಇದನ್ನು ಅವತ್ತೇ ಹೇಳಬೇಕಿತ್ತು."

"ಸುಳ್ಳು," ಎಂದೆ.

"ಯಾವ್ದು ಸುಳ್ಳು?" ಮೇಡಂ ಕೇಳಿದರು. "ಉತ್ತರ ಸುಳ್ಳಾ? ಅಥವಾ ಇದನ್ನ ಹೇಳಿದ್ದು ನಿಮ್ಮ ತಮ್ಮ ಅಲ್ವಾ? ಎರಡೂ ಬೇರೆ ಬೇರೆ. ಯೋಚಿಸಿ ಹೇಳಿ. ನಾಡಿದ್ದು ಸಂಜೆಯೊಳಗೆ ನಾವು ಆ ಕಡೆಗೆ ತಿಳಿಸ್ಬೇಕು. ಹೊಂದಿಲ್ಲ ಅಂತ ತಿಳಿಸಿದ್ರೆ ನಿಮ್ಮ ತಮ್ಮನ ಹೆಸರು ಬಿಟ್ಟು ಒಬ್ಬರಿಗೆ ಒಬ್ಬರು ಅಂತ ಮುಗಿಸ್ತಾರೆ. ಹೊಂದಿದೆ ಅಂತ ತಿಳಿಸ್ಬೇಕಾದ್ರೆ ನಿಮ್ಮ ಕವರಿನ ಉತ್ತರ ತಪ್ಪು ಅಂತ ನೀವು ಬರ್ಕೊಡ್ಬೇಕು. ನಮ್ಮನ್ನ ಮೆಚ್ಚಿಸೋಕೆ ಬರೀಬೇಡಿ. ಅವ್ರು ಬದುಕಿಲ್ಲದೆ ಹೋದ್ರೆ, ಆ ಕಡೆಯವರಿಗೆ ನಾವು ಇಬ್ಬರನ್ನ ಕೊಟ್ಟು ಒಬ್ಬರನ್ನ ತಗೊಂಡಂಗೆ ಆಗುತ್ತೆ."

ಗೆಸ್ಟ್ ಹೌಸಿನಿಂದ ಹೊರಗೆ ಬಂದು ಭದ್ರಾವತಿ ಬಸ್ಸು ಹತ್ತಬೇಕಾದವನು ಹೊಳೆಹೊನ್ನೂರಿನ ಬಸ್ಸು ಹತ್ತಿದೆ. ಅತ್ತೆ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದ, ನೆನಪು ಮಾತ್ರ ಚೂಪು. ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಶಶಿಯ ವಿಷಯ ಬಾಯಿಗೆ ಬಂದರೆ ಎಲ್ಲವನ್ನೂ ಕಕ್ಕಿಬಿಡುತ್ತೇನೆ ಎಂದು ಹೆದರಿ, ಯಾವುದೋ ಹಳೆಯ ಮಾತು ಎತ್ತಿದವನ ಹಾಗೆ ಕೇಳಿದೆ. "ಅತ್ತೆ, ಶಶಿನ ನಿಮ್ಮನೆಗೆ ಕಳಿಸಿದ್ರಲ್ಲ, ಚೀಟಿ ಎತ್ತಿ..."

"ಯಾವ ಚೀಟಿ?"

"ಅಪ್ಪಾಜಿ ಚೀಟಿ ಎತ್ತಿಸಿದ್ರಲ್ಲ, ನಾನಾ ಅವ್ನಾ ಅಂತ."

ಅತ್ತೆ ಎಲೆ ಉಗಿದು ಬಂದು ನನ್ನ ಮುಖಕ್ಕೆ ಮುಖ ತಂದರು. "ಎಂತ ಚೀಟಿ ಮಾರಾಯ? ನಿಮ್ಮಪ್ಪ ಯುಗಾದಿಗೆ ಬಂದವ್ನೇ ಹೇಳಿದ್ದ, ಸಣ್ಣೋನ್ನ ಕಳಿಸ್ತೀನಿ ಅಕ್ಕ, ದೊಡ್ಡೋನು ಅವ್ವನ್ನ ಎತ್ತಿ ಕೂರಿಸ್ತಾನೆ, ಸಣ್ಣೋನ ಕೈಲಿ ಆಗಲ್ಲ ಅಂತ. ನಾನು ಅವ್ನ ಅಳತೆಗೆ ಎರಡು ಚಡ್ಡಿನೂ ಹೊಲಿಸಿಟ್ಟಿದ್ದೆ. ನೀನು ಬಂದಿದ್ರೆ ಅದು ನಿನ್ನ ಮಂಡಿಗೂ ಏರ್ತಿರ್ಲಿಲ್ಲ." ಹೇಳಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕೋ ಹಾಲಣ್ಣ, ಇಷ್ಟು ವರ್ಷ ಆದ್ಮೇಲೆ? ಅವ್ನು ನಿಂಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ ಅತ್ತೆ ಎಂದೆ. ಕಾಫಿ ಕುಡಿಯದೆ ಎದ್ದು ಬಂದೆ.

ಬಸ್ಸಿನಲ್ಲಿ ನಿಮ್ಮ ಮೇಲೆ ಎಷ್ಟು ಕೋಪ ಬಂತು ಗೊತ್ತಾ? ಯುಗಾದಿಗೇ ತೀರ್ಮಾನ ಮಾಡಿದ್ದವರು ದೇವರ ಮುಂದೆ ಚೀಟಿ ಯಾಕೆ ಹಾಕಿಸಿದಿರಿ? "ಹಾಲೇಶ, ನೀನು ಇಲ್ಲೇ ಇರಪ್ಪ, ಅಜ್ಜಿನ ಎತ್ತೋಕೆ ನಿನ್ನ ಬಿಟ್ರೆ ಯಾರೂ ಇಲ್ಲ" ಎಂದು ಬಾಯಿಬಿಟ್ಟು ಹೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆನಾ? ನನಗೆ ಹೇಳಲು ನಿಮಗೆ ಅಷ್ಟು ಸಂಕಟವಾಯಿತಾ? ಅದಕ್ಕೆ ದೇವರ ಬಾಯಲ್ಲಿ ಹೇಳಿಸೋಣ ಎಂದುಕೊಂಡಿರಾ? ದೇವರು ನೋಡಿದರೆ ನನ್ನ ಹೆಸರನ್ನೇ ಎತ್ತಿ ಕೊಟ್ಟ. ನೀವು ಅದನ್ನೂ ತಿದ್ದಿದಿರಿ. ಕಾರ್ಖಾನೆಯಲ್ಲಿ ದಿನವಿಡೀ ಹಾಳೆಗಳನ್ನು ಬೆಳಕಿಗೆ ಹಿಡಿದು ಕಲೆ, ತೂತು ನೋಡುವುದು ನಿಮ್ಮ ಕೆಲಸ. ಆ ಅಭ್ಯಾಸದ ಕೈ ಸುಳ್ಳು ಹೇಳುವ ಹೊತ್ತಿನಲ್ಲೂ ಚೀಟಿಯನ್ನು ಬೆಳಕಿಗೇ ಎತ್ತಿ ಹಿಡಿಯಿತಲ್ಲ. ಮಡಿಲಲ್ಲಿ ಇಟ್ಟುಕೊಂಡು ಓದಿದ್ದರೆ ಆ ಹನ್ನೊಂದು ವರ್ಷದವನ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂವತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಕರ್ಮ ಅವನಿಗೆ ಬರುತ್ತಿರಲಿಲ್ಲ.

ಈಗ ಅರ್ಥವಾಗುತ್ತಿದೆ. ಮೊದಲ ಸಂಬಳದಲ್ಲಿ ಅವನು ನನಗೆ ಜೆರಾಕ್ಸ್ ಮೆಷಿನ್ ತಂದು ಕೊಟ್ಟಾಗ "ಇಷ್ಟೊಂದು ಯಾಕೋ" ಎಂದಿದ್ದೆ. "ಇದು ನಿಂದೇ ಅಣ್ಣ" ಎಂದಿದ್ದ. ನನ್ನ ಮಗಳು ಇಂಗ್ಲಿಷಿನಲ್ಲಿ ಒಂದು ಮಾರ್ಕು ಕಡಿಮೆ ತೆಗೆದರೂ ಎಲ್ಲಿದ್ದರೂ ಫೋನ್ ಮಾಡುತ್ತಿದ್ದ. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಇರಬಹುದು. ಆದರೂ ಪ್ರತಿ ಸಲ ಊರಿಗೆ ಬಂದಾಗ ನನ್ನ ಎದುರು ಕೂತು ಊಟ ಮಾಡುವಾಗ ಅವನಿಗೆ ತುತ್ತು ಹೇಗೆ ಇಳಿಯುತ್ತಿತ್ತೋ...

ಇನ್ನೊಂದು ಯೋಚನೆ ನನ್ನನ್ನು ಬಿಡುತ್ತಿಲ್ಲ. ಚೀಟಿಯಲ್ಲಿ ಯಾರ ಹೆಸರಿತ್ತೆಂದು ನಾನು ತಿಳಿದಿದ್ದೇನೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು. "ನನ್ನ ಹೆಸರು" ಎಂದು ಎರಡು ಪದ ಬರೆದಿದ್ದರೆ ಕವರಿಗೆ ಹೊಂದುತ್ತಿತ್ತು, ಅವನು ಹೊರಗೆ ಬರುತ್ತಿದ್ದ. ಬುದ್ಧಿವಂತ. ಅಷ್ಟು ಹೊಳೆಯಲಿಲ್ಲವಾ? ಹೊಳೆದೂ ಯಾಕೆ ನಿಜ ಬರೆದ? ಅಣ್ಣನಿಗೆ ಒಂದೇ ಒಂದು ಮಾತು ತಲುಪಿಸಲು ಅವಕಾಶ ಸಿಕ್ಕಿದೆ, ಇನ್ನು ಸಿಗಲಾರದು ಎಂದು ಅಂದುಕೊಂಡನಾ? ಅಷ್ಟು ಆಸೆ ಬಿಟ್ಟಿದ್ದನಾ? ಯಾವ ಕೋಣೆಯಲ್ಲಿ ಕೂತು, ಯಾರ ಮುಂದೆ ಬರೆದ? ಹೊಡೆದಿದ್ದರಾ?

ಮನೆಗೆ ಬಂದು ಪುಷ್ಪಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಸೊಪ್ಪು ಬಿಟ್ಟು ಕೇಳುತ್ತಾ ಕೂತಳು. ಮುಗಿದ ಮೇಲೆ, "ಹಂಗಾದ್ರೆ ಓದ್ಬೇಕಾಗಿದ್ದಿದ್ದು ನೀವಾ ರೀ?" ಎಂದಳು.

"ಹೂಂ."

"ಓದಿದ್ರೆ ನನ್ನಂಥೋಳ್ನ ಮದ್ವೆ ಆಗ್ತಿರ್ಲಿಲ್ಲ ಬಿಡಿ." ಅಂದು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಒರೆಸಿಕೊಂಡು ಹೇಳಿದಳು, "ನೀವು ಹೋಗಿದ್ರೆ ಈಗ ಅಲ್ಲಿ ಒಳಗೆ ಇರ್ತಿದ್ದಿದ್ದು ನೀವು. ನಿಮ್ಮ ಗಾಬರಿಗೆ ಎರಡು ದಿನಕ್ಕೇ ಸತ್ತೇ ಹೋಗ್ತಿದ್ರಿ. ಬರೀರಿ, ಸುಮ್ನೆ ಕೂತ್ಕೋಬೇಡಿ. ಅವ್ನದ್ದೇ ಸರಿ ಅಂತ ಬರೀರಿ."

ಮರುದಿನ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ. ಒಂದು ಬಿಳಿ ಹಾಳೆಯಲ್ಲಿ ನನ್ನ ಕೈಯಲ್ಲೇ ಬರೆದೆ: ನಾನು ಕೊಟ್ಟ ಉತ್ತರ ತಪ್ಪು. ನನ್ನ ತಮ್ಮ ಕಣ್ಣಾರೆ ನೋಡಿದವನು, ಅವನ ಉತ್ತರ ಸರಿ. ನಮ್ಮ ತಂದೆಯವರು ಒಂದು ಹೆಸರು ಬಂದರೆ ಇನ್ನೊಂದು ಓದಿದರು. ಅಕ್ಷರ ಏಳನೇ ಕ್ಲಾಸಿನವನ ಹಾಗೇ ಇವೆ, ಸೊಟ್ಟಸೊಟ್ಟ. ನಿಮ್ಮ ಸುಳ್ಳನ್ನು ಸರ್ಕಾರದ ಕಾಗದದಲ್ಲಿ ಬರೆದು ಕೆಳಗೆ ಸಹಿ ಹಾಕಿದ ಮಗ ನಾನೊಬ್ಬನೇ ಇರಬೇಕು. ಬೇಜಾರು ಮಾಡಿಕೊಳ್ಳಬೇಡಿ. ಮೇಡಂ ಓದಿ, ದೆಹಲಿಯವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಮೊದಲ ಸಲ ನನ್ನ ಕೈ ಹಿಡಿದು ಕುಲುಕಿದರು.

ಇದು ನಿಮಗೆ ಹೇಳಬೇಕಿದ್ದ ಸುದ್ದಿ: ಮೊನ್ನೆ ಮೇಡಂ ಫೋನ್ ಬಂತು. ಆ ಕಡೆಯವರು ಒಪ್ಪಿದ್ದಾರೆ. ಇಬ್ಬರಿಗೆ ಇಬ್ಬರು. ಶಶಿಯ ಹೆಸರು ಪಟ್ಟಿಯಲ್ಲಿದೆ. ಯಾವ ದಿನ, ಯಾವ ವಿಮಾನ ನಿಲ್ದಾಣ ಎಂದು ಹೇಳುವುದಿಲ್ಲ. ನಾವು ಯಾರೂ ಹೋಗುವಂತಿಲ್ಲ. ನಾಲ್ವರೂ ದಾಟಿದ ಮೇಲೆಯೇ ತಿಳಿಸುತ್ತಾರಂತೆ. ನಮ್ಮವರು ಇಲ್ಲಿ ಹಿಡಿದಿಟ್ಟಿರುವ ಆ ಇಬ್ಬರ ಮನೆಯಲ್ಲೂ ಯಾರೋ ಒಬ್ಬ ಹೀಗೇ ಫೋನು ಹಿಡಿದು ಕೂತಿರಬೇಕು ಎಂದು ಅನ್ನಿಸಿತು. ಅವನನ್ನು ಏನು ಪ್ರಶ್ನೆ ಕೇಳಿದರೋ.

ಅವನು ಬಂದ ದಿನ ನಾನು ಚೀಟಿಯ ಮಾತು ಎತ್ತುವುದಿಲ್ಲ. ಇದು ನಿಮಗೆ ಕೊಡುವ ಮಾತು. ಅವನೇ ಎತ್ತಿದರೆ, ಅಜ್ಜಿಯನ್ನು ಎತ್ತಿ ಕೂರಿಸಲು ನಿನ್ನ ಕೈಲಿ ಆಗುತ್ತಿತ್ತೇನೋ ಎಂದು ಕೇಳಿ ನಗಿಸುತ್ತೇನೆ. ಅಷ್ಟೇ. ನಿಮ್ಮನ್ನು ಬಿಟ್ಟುಕೊಡುವುದಿಲ್ಲ.

ಆದರೆ ಅಪ್ಪಾಜಿ, ಪಟ್ಟಿಯ ಸುದ್ದಿ ಕೇಳಿ ಅರ್ಧ ದಿನ ಸಂತೋಷವಾಗಿದ್ದೆ. ಆಮೇಲೆ ನನ್ನ ಹಾಳು ತಲೆ ಮತ್ತೆ ಶುರು ಮಾಡಿತು. ಶಶಿ ಮತ್ತು ಆ ಕೇರಳದವರು ಒಂದೇ ಕೋಣೆಯಲ್ಲಿ ಇದ್ದರಂತೆ. ಎಂಟು ತಿಂಗಳು. ಶಶಿಯ ಬಾಯಿ ನಿಮಗೆ ಗೊತ್ತು. ಬೇರೆ ಏನೂ ಮಾಡಲು ಇಲ್ಲದ ಕಡೆ ಕೂತು ಚೀಟಿಯ ಕಥೆಯನ್ನು ಅವರಿಗೆ ಹೇಳಿಕೊಂಡಿದ್ದರೆ? ಬೆಳಕಿಗೆ ಹಿಡಿದದ್ದು, ಕೆಳಗಿನಿಂದ ಕಂಡದ್ದು, ಎಲ್ಲ ಹೇಳಿದ್ದರೆ? ಆಮೇಲೆ ಶಶಿಗೆ ಏನಾದರೂ ಆಗಿ, ಪ್ರಶ್ನೆ ಬಂದ ದಿನ ಅವರನ್ನೇ ಕೂರಿಸಿ ಬರೆಸಿದ್ದರೆ? "ಅಣ್ಣ, ಅವತ್ತೇ ಹೇಳಬೇಕಿತ್ತು" ಎನ್ನುವುದು ಶಶಿ ಕೊನೆಗೆ ಅವರ ಹತ್ತಿರ ಹೇಳಿ ಹೋದ ಮಾತಾಗಿದ್ದರೆ? ಹೀಗೆ ಆಗಿದ್ದರೆ ನಾನು ಸಹಿ ಹಾಕಿದ್ದು ಯಾವುದಕ್ಕೆ?

ಮೇಡಂಗೆ ಇದನ್ನು ಹೇಳಿದೆ. "ಹಾಲೇಶ್ ಅವ್ರೇ, ಊಟ ಮಾಡಿ ಮಲಗಿ" ಎಂದರು. ರಫೀಕ್‌ಗೆ ಹೇಳುವಂತಿಲ್ಲ. ಪುಷ್ಪಳಿಗೆ ಹೇಳಲು ಧೈರ್ಯವಿಲ್ಲ. ದೆಹಲಿಯವರಿಗಾಗಲಿ, ಮೂರನೇ ದೇಶದವರಿಗಾಗಲಿ ಇದು ತಿಳಿಯುವ ಸಂಗತಿಯೇ ಅಲ್ಲ. ಇದನ್ನು ಖಾತ್ರಿಯಾಗಿ ಹೇಳಬಲ್ಲವರು ನೀವೊಬ್ಬರೇ.

ನಿಮ್ಮ ಕಡೆಗೆ ದಿನಾ ಎಷ್ಟೋ ಜನ ಬರುತ್ತಿರಬಹುದು. ಎಲ್ಲರ ಮುಖ ನೋಡಲು ಆಗದಿರಬಹುದು. ಅವನಿಗೆ ಈಗ ಗಡ್ಡ ಬೆಳೆದಿರಬಹುದು, ತೆಳ್ಳಗಾಗಿರಬಹುದು, ಮೊದಲ ನೋಟಕ್ಕೆ ನಿಮಗೂ ಗುರುತು ಸಿಗಲಿಕ್ಕಿಲ್ಲ. ಅಮ್ಮನನ್ನೂ ಕೇಳಿ, ಅಜ್ಜಿಯನ್ನೂ ಕೇಳಿ. ನೋಡಿದ್ದೇನೆ, ಇಲ್ಲ ಎಂದು ನೀವು ಹೇಳಬಹುದು. ಆದರೂ ನನಗೋಸ್ಕರ ಇನ್ನೊಂದು ಸಲ ನೋಡಿ ಅಪ್ಪಾಜಿ. ಶಶಿ ಅಲ್ಲಿಗೆ ಬಂದಿಲ್ಲ, ಅಲ್ವಾ?

ನಿಮ್ಮ
ಹಾಲೇಶ